ಆರೋಗ್ಯ ಸಚಿವರಿಗೆ ಬಹಿರಂಗ ಪತ್ರ: ರಾತ್ರಿ ಹೊತ್ತು ರಕ್ತ ಹೆಪ್ಪುಗಟ್ಟುತ್ತದೋ ಇಲ್ಲವೋ ನೋಡುವವರು ಯಾರು?

ಮಾನ್ಯರೇ,

ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆಯುವ ಪಿಟಿ, ಎಪಿಟಿಟಿ ಪರೀಕ್ಷೆಗಳೂ, ಹೆಪ್ಪು ಕಟ್ಟಿಸುವ ಪ್ರೋಟೀನಾದ ಫೈಬ್ರಿನೋಜನ್ ಎಷ್ಟಿದೆಯೆಂದು ನೋಡುವ ಪರೀಕ್ಷೆಯೂ ರಾತ್ರಿಯೂ ನಡೆಯಬೇಕು. ನನ್ನ ಬೇಡಿಕೆ ಇಷ್ಟೇ. ಊರಿನ ಕಚೇರಿಗಳಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ನಿಮಗೇ ಬರೆಯುತ್ತಿದ್ದೇನೆ. ಹೆರಿಗೆ ಆಸ್ಪತ್ರೆಯಲ್ಲಿ ಏನೇನಿರಬೇಕೆಂಬ ನಿಯಮ ನಿಮಗೆ ಗೊತ್ತೇ ಇದೆ, ನಾನು ಹೇಳಹೋದರೆ ಅಧಿಕಪ್ರಸಂಗವಾದೀತು.

ಕಳೆದ ಮಳೆಗಾಲದಲ್ಲಿ ನನ್ನ ತಂಗಿಗೆ ಹೆರಿಗೆಯಾಯಿತು, ರಕ್ತ ನಿಲ್ಲಲಿಲ್ಲ. ಲ್ಯಾಬಿಗೆ ಬೀಗ. ಟೆಕ್ನಿಷಿಯನ್ ಸಂಜೆಯೇ ಮನೆಗೆ ಹೋಗಿದ್ದರು. ಅವರನ್ನು ದೂರುವುದಿಲ್ಲ, ಇರುವುದೇ ಒಬ್ಬರು. ನರ್ಸಮ್ಮ ನೀಲಿ ಮುಚ್ಚಳದ ಟ್ಯೂಬೊಂದನ್ನು ನನ್ನ ಕೈಗಿಟ್ಟು ಪೇಟೆಯ ಖಾಸಗಿ ಲ್ಯಾಬಿಗೆ ಓಡಿಸಿದರು. ಜಡಿಮಳೆ, ಬೈಕು, ಅಂಗಿ ಜೇಬಿನಲ್ಲಿ ತಂಗಿಯ ರಕ್ತ. ಅಲ್ಲಿದ್ದ ಹುಡುಗ ಟ್ಯೂಬನ್ನು ಬೆಳಕಿಗೆ ಹಿಡಿದು, 'ಗೆರೆವರೆಗೆ ತುಂಬಿಲ್ಲ, ಮಾಡಕ್ಕಾಗಲ್ಲ' ಅಂದ. ರಕ್ತ ಹೆಪ್ಪುಗಟ್ಟದಂತೆ ಟ್ಯೂಬಿನಲ್ಲಿ ಮೊದಲೇ ಹಾಕಿಟ್ಟಿರುವ ಸಿಟ್ರೇಟ್ ದ್ರವ ಒಂದು ಪಾಲಿದ್ದರೆ ರಕ್ತ ಒಂಬತ್ತು ಪಾಲು ಇರಲೇಬೇಕಂತೆ, ಕಡಿಮೆಯಾದರೆ ರಿಪೋರ್ಟು ತಪ್ಪು ಬರುತ್ತದಂತೆ. ಅವನು ಹೇಳಿದ್ದು ಸರಿಯೇ. ರಕ್ತ ಸುರಿಯುತ್ತ ಮಲಗಿದ್ದವಳಿಂದ ಇನ್ನೊಂದು ಟ್ಯೂಬು ತುಂಬಿಸಿಕೊಂಡು ಬರಲು ಮತ್ತೆ ಓಡಿದೆ. ಎಂಥ ಸೊಗಸಾದ ವ್ಯವಸ್ಥೆ, ಸ್ವಾಮಿ!

ಅಷ್ಟರಲ್ಲಿ ಭಾವ ಜಿಲ್ಲಾ ಕೇಂದ್ರದ ರಕ್ತನಿಧಿಯಿಂದ ರಕ್ತದ ದ್ರವಭಾಗವಾದ ಪ್ಲಾಸ್ಮಾ ತಂದಿದ್ದರು. ಡಾಕ್ಟರು 'ಕೊಟ್ಟು ನೋಡೋಣ' ಅಂದರು. ಕೈಯಲ್ಲಿ ರಿಪೋರ್ಟಿಲ್ಲದವರು ಇನ್ನೇನು ಅಂದಾರು? ನಿಲ್ಲಲಿಲ್ಲ. ಮೆಡಿಕಲ್ ಕಾಲೇಜಿಗೆ ಸಾಗಿಸಿದ ಮೇಲೆ ಗೊತ್ತಾಯಿತು: ಫೈಬ್ರಿನೋಜನ್ ಡೆಸಿಲೀಟರಿಗೆ 200 ಮಿಲಿಗ್ರಾಂಗಿಂತ ಬಹಳ ಕೆಳಗಿಳಿದಿತ್ತು. ಬಸುರಿಯಲ್ಲಿ ಅದು 400ರ ಮೇಲೆಯೇ ಇರುವುದು ಸಾಮಾನ್ಯ. ಪ್ಲಾಸ್ಮಾದಲ್ಲಿ ಫೈಬ್ರಿನೋಜನ್ ತೀರ ತೆಳುವಾಗಿರುತ್ತದೆ. ಆಕೆಗೆ ಬೇಕಿದ್ದದ್ದು ಪ್ಲಾಸ್ಮಾದಿಂದಲೇ ಬೇರ್ಪಡಿಸಿದ, ಫೈಬ್ರಿನೋಜನ್ ದಟ್ಟವಾಗಿರುವ ಕ್ರಯೋ. ತಂಗಿ ಉಳಿದಳು, ಗರ್ಭಕೋಶ ಉಳಿಯಲಿಲ್ಲ.

ಯಂತ್ರ ಕೊಳ್ಳಲು ಟೆಂಡರ್ ಕರೆಯಬೇಕು, ಹಣಕಾಸು ಇಲಾಖೆ ಒಪ್ಪಬೇಕು ಅನ್ನುತ್ತೀರಿ. ಆಗಲಿ. ಅಲ್ಲಿಯತನಕ ಹೆರಿಗೆ ಕೋಣೆಯಲ್ಲಿ ಗಾಜಿನ ಟ್ಯೂಬನ್ನಾದರೂ ಇಡಿಸಿ. ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬಿಗೆ 2 ಎಂಎಲ್ ರಕ್ತ ಹಾಕಿ ಮುಷ್ಟಿಯಲ್ಲಿ ಬೆಚ್ಚಗೆ ಹಿಡಿದು, 4 ನಿಮಿಷದ ಮೇಲೆ ಓರೆ ಮಾಡಿ ನೋಡುತ್ತ ಹೋಗಬೇಕು. 7 ನಿಮಿಷವಾದರೂ ಗಟ್ಟಿಯಾಗದಿದ್ದರೆ ಹೆಪ್ಪುಗಟ್ಟುವ ಶಕ್ತಿಯೇ ಕೆಟ್ಟಿದೆ ಎಂದು ತಿಳಿಯಬೇಕು. ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿಕೊಟ್ಟ ಪರೀಕ್ಷೆ ಇದು, ಕರೆಂಟೂ ಬೇಡ. 2024ರಲ್ಲಿ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ, ಅಂದರೆ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ ಎಂದು ಸಾರಿದ ಸರ್ಕಾರ ನಿಮ್ಮದೇ. ಕೊಳಕುಮಂಡಲ ಹಾವಿನ ವಿಷವೂ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಅದು ಕಚ್ಚಿದವರಿಗೂ ಮೊದಲು ಬೇಕಾದದ್ದು ಇಂಥದ್ದೇ ಟ್ಯೂಬು, ರಕ್ತ ಹಾಕಿ 20 ನಿಮಿಷ ಅಲುಗಾಡಿಸದೆ ಇಟ್ಟು ನೋಡಲು. ಒಂದು ಗಾಜಿನ ಟ್ಯೂಬಿಗೂ ಸಚಿವ ಸಂಪುಟದ ಒಪ್ಪಿಗೆ ಬೇಕೇ?

ಆದರೆ ಟ್ಯೂಬು ತೋರಿಸಿ ಲ್ಯಾಬನ್ನು ಮರೆಸಬೇಡಿ. ಏನು ಕಡಿಮೆಯಿದೆ, ಪ್ಲಾಸ್ಮಾವೋ ಕ್ರಯೋವೋ, ಯಾವ ಚೀಲ ಹಾಕಬೇಕು ಎಂದು ಹೇಳಲು ಲ್ಯಾಬೇ ಬೇಕು, ರಾತ್ರಿಯೂ ಬೇಕು. ಉತ್ತರದಲ್ಲಿ 'ಪರಿಶೀಲಿಸಲಾಗುವುದು' ಎಂದು ಬರೆಸಬೇಡಿ. ನಮ್ಮ ಲ್ಯಾಬಿಗೆ ರಾತ್ರಿ ಪಾಳಿಯ ಟೆಕ್ನಿಷಿಯನ್ ಯಾವ ತಾರೀಖಿನಿಂದ ಬರುತ್ತಾರೆ ಎಂಬುದನ್ನು ಬರೆಸಿ.

ಇಂತಿ,
ಸರ್ಕಾರಿ ಆಸ್ಪತ್ರೆ ಬಿಟ್ಟರೆ ಬೇರೆ ಗತಿಯಿಲ್ಲದ ಒಬ್ಬ ಮತದಾರ