ಶಿಬಿರದ ಚೀಟಿಯಲ್ಲಿ ಹೊಟ್ಟೆಯ ಸುತ್ತಳತೆಯನ್ನೂ ಬರೆಯಿರಿ

ಮಾನ್ಯರೇ,

ನಿಮ್ಮ ಆರೋಗ್ಯ ಪುಟದಲ್ಲಿ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯೇ ಎಂಬ ಲೆಕ್ಕ) ಪಟ್ಟಿ ಬಂದಿತ್ತು. 25ರ ಒಳಗಿದ್ದರೆ ಸರಿ, 30 ದಾಟಿದರೆ ಬೊಜ್ಜು ಎಂದು ಅದರಲ್ಲಿದೆ. ನಮ್ಮ ಜನಕ್ಕೆ ಈ ಲೆಕ್ಕ ಸಾಲದು. ಭಾರತೀಯರಿಗೆ 23ರಿಂದಲೇ ತೂಕ ಹೆಚ್ಚು, 25ರಿಂದ ಬೊಜ್ಜು ಎಂದು ಇಲ್ಲಿನ ತಜ್ಞರು 2009ರಲ್ಲೇ ಹೇಳಿದ್ದಾರೆ. ದಯವಿಟ್ಟು ಆ ಅಂಕಿಗಳನ್ನೂ ಅಚ್ಚು ಹಾಕಿ. ಅದರ ಪಕ್ಕದಲ್ಲೇ ಹೊಟ್ಟೆಯ ಸುತ್ತಳತೆಯೂ ಇರಲಿ: ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80. ಇದನ್ನು ದಾಟಿದವರು ಬಿಪಿ, ಶುಗರ್ ನೋಡಿಸಿಕೊಳ್ಳಲೇಬೇಕು.

ನಾನು ಆಶಾ ಕಾರ್ಯಕರ್ತೆ. 30 ವರ್ಷ ದಾಟಿದವರ ಸಿಬ್ಯಾಕ್ ಫಾರಂ (ಬಿಪಿ, ಶುಗರ್‌ನಂಥ ಕಾಯಿಲೆ ಬರುವ ಅಪಾಯಕ್ಕೆ ಅಂಕ ಹಾಕುವ ಫಾರಂ) ತುಂಬಲು ಮನೆ ಮನೆಗೆ ಹೋಗುತ್ತೇನೆ. ವಯಸ್ಸು, ಬೀಡಿ, ಕುಡಿತ, ವ್ಯಾಯಾಮ, ಮನೆಯವರಿಗೆ ಇರುವ ಕಾಯಿಲೆ, ಇವುಗಳ ಜೊತೆ ಸುತ್ತಳತೆಗೂ ಅದರಲ್ಲಿ ಅಂಕ ಇದೆ. ಹೆಂಗಸರಿಗೆ 80ರವರೆಗೆ ಸೊನ್ನೆ, 90ರವರೆಗೆ ಒಂದು, ಅದಕ್ಕೂ ಮೇಲೆ ಎರಡು. ಒಟ್ಟು ನಾಲ್ಕು ದಾಟಿದರೆ ಮೊದಲು ತಪಾಸಣೆಗೆ ಕಳಿಸಬೇಕು.

ಹೋದ ವರ್ಷ ನಮ್ಮ ಕಡೆ ಒಂದು ಆರೋಗ್ಯ ಶಿಬಿರ ನಡೆಯಿತು. ತೆಂಗಿನ ತೋಟದ ಯಜಮಾನರೊಬ್ಬರು ಹೋಗಿದ್ದರು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಎತ್ತರ 165, ತೂಕ 62 ಕೆ.ಜಿ., ಬಿಎಂಐ 22.8. ಚೀಟಿಯಲ್ಲಿ ‘ನಾರ್ಮಲ್’ ಎಂದು ಬರೆದು ಕಳಿಸಿದರು. ನಾನು ಮನೆಗೆ ಹೋಗಿ ಅಳತೆ ಮಾಡಿಸಿದರೆ ಸುತ್ತಳತೆ 94. ಅವರ ತಾಯಿಗೂ ಸಕ್ಕರೆ ಕಾಯಿಲೆ ಇತ್ತು. ಪಿಎಚ್‌ಸಿಗೆ ಕಳಿಸಿದೆ. ಖಾಲಿ ಹೊಟ್ಟೆಯ ಶುಗರ್ 138 ಬಂತು, ಇನ್ನೊಂದು ಸಲ ನೋಡಿದಾಗಲೂ ಜಾಸ್ತಿಯೇ ಇತ್ತು. ಈಗ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಆ ಚೀಟಿ ನಂಬಿಕೊಂಡು ಸುಮ್ನೆ ಇದ್ದಿದ್ದರೆ ಏನಾಗುತ್ತಿತ್ತು?

ಬಿಎಂಐಗೆ ಬೇಕಾಗಿರುವುದು ತೂಕ, ಎತ್ತರ ಎರಡೇ. ಕೊಬ್ಬು ಎಷ್ಟಿದೆ, ಎಲ್ಲಿ ಕೂತಿದೆ ಎನ್ನುವುದು ಅದರಲ್ಲಿ ಕಾಣುವುದಿಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಜಾನ್ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಫೋಟೋವನ್ನೇ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಹಾಕಿ ಇದನ್ನು ತೋರಿಸಿದ್ದರು. ಇಬ್ಬರ ಬಿಎಂಐಯೂ 22.3. ಮೈಯಲ್ಲಿದ್ದ ಕೊಬ್ಬು ಮಾತ್ರ ಯುಡ್ಕಿನ್ ಅವರಿಗೆ ಶೇ 9.1, ಯಾಜ್ಞಿಕ್ ಅವರಿಗೆ ಶೇ 21.2! ಹೊಟ್ಟೆಯೊಳಗೆ, ಲಿವರ್ ಸುತ್ತ ಕೂತ ಕೊಬ್ಬು ಇನ್ಸುಲಿನ್ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಅದಕ್ಕೇ ಟೇಪ್ ಬೇಕು.

ಆದರೆ ಅಳೆಯುವುದು ಹೇಳಿದಷ್ಟು ಸುಲಭವಲ್ಲ. ‘ನಂದು 34 ಪ್ಯಾಂಟ್ ಅಕ್ಕ, ಅದನ್ನೇ ಬರ್ಕೊಳ್ಳಿ’ ಅನ್ನುವವರೇ ಜಾಸ್ತಿ. 34 ಇಂಚು ಅಂದರೆ 86 ಸೆಂ.ಮೀ., ಕಾಗದದ ಮೇಲೆ ಪಾಸು. ಆದರೆ ಪ್ಯಾಂಟು ನಿಲ್ಲುವುದು ಹೊಟ್ಟೆಯ ಕೆಳಗೆ ಅಲ್ವಾ? ಟೇಪ್ ಸುತ್ತಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ಸರಿ ಮಧ್ಯದಲ್ಲಿ, ಉಸಿರು ಬಿಟ್ಟ ಮೇಲೆ, ಹೊಟ್ಟೆ ಒಳಗೆ ಎಳೆದುಕೊಳ್ಳದೆ. ಹೆಂಗಸರಿಗೆ ಸೀರೆ ನೆರಿಗೆಯ ಮೇಲೆ ಸುತ್ತಿದರೆ ಜಾಸ್ತಿ ಬರುತ್ತದೆ. ಲಂಗದ ಲಾಡಿ ಬಿಗಿದ ಗುರುತಿನ ಮೇಲೆ ಇಟ್ಟರೆ ಕಡಿಮೆ. ಲಾಡಿ ಸಡಿಲ ಮಾಡಿಸಿ, ಬೆನ್ನ ಹಿಂದೆ ಟೇಪ್ ಕೆಳಗೆ ಜಾರಿದೆಯಾ ಎಂದು ನೋಡಿಯೇ ಬರೆದುಕೊಳ್ಳುತ್ತೇನೆ. ಗಂಡಸರನ್ನು ಅಳೆಯುವುದು ನಮಗೂ ಮುಜುಗರ, ಅವರಿಗೂ ಮುಜುಗರ. ಹೆಂಡತಿಯ ಕೈಗೆ ಟೇಪ್ ಕೊಟ್ಟು, ಪಕ್ಕದಲ್ಲಿ ನಿಂತು ಹೇಳಿಕೊಡುತ್ತೇನೆ. (ಬಸುರಿಯರಿಗೆ ಈ ಅಳತೆ ಲೆಕ್ಕಕ್ಕಿಲ್ಲ.)

ಮನೆಯಲ್ಲಿ ಟೇಪ್ ಇಲ್ಲದಿದ್ದರೆ ನಿಮ್ಮ ಎತ್ತರದ ಅರ್ಧದಷ್ಟು ದಾರ ಕತ್ತರಿಸಿ ಹೊಟ್ಟೆಗೆ ಸುತ್ತಿ ನೋಡಿ. ತುದಿಗಳು ಕೂಡದಿದ್ದರೆ ತಪಾಸಣೆಗೆ ಹೋಗಿ. ಎತ್ತರದ ಅರ್ಧಕ್ಕಿಂತ ಸೊಂಟ ಕಡಿಮೆ ಇರಲಿ ಎಂದು ಬ್ರಿಟನ್ನಿನಲ್ಲೂ 2022ರಿಂದ ಜನರಿಗೆ ಹೇಳುತ್ತಿದ್ದಾರೆ.

ಆರೋಗ್ಯ ಇಲಾಖೆಗೆ ನನ್ನ ಬೇಡಿಕೆ ದೊಡ್ಡದೇನಲ್ಲ. ಎಳೆದೂ ಎಳೆದೂ ಹಿಗ್ಗಿದ ಟೈಲರ್ ಟೇಪಿನಲ್ಲಿ ಒಂದೆರಡು ಸೆಂ.ಮೀ. ತಪ್ಪುತ್ತದೆ. ನಮಗೆ ಹಿಗ್ಗದ ಟೇಪ್ ಕೊಡಿ, ವರ್ಷಕ್ಕೊಮ್ಮೆ ಬದಲಿಸಿ. ಶಿಬಿರದಲ್ಲಿ ಹೆಂಗಸರನ್ನು ಅಳೆಯಲು ಒಂದು ಪರದೆ ಕಟ್ಟಿಸಿ. ಯಾರೇ ಶಿಬಿರ ಮಾಡಲಿ, ಸುತ್ತಳತೆಯ ಜಾಗ ಖಾಲಿ ಇರುವ ಚೀಟಿಯಲ್ಲಿ ‘ನಾರ್ಮಲ್’ ಎಂದು ಬರೆಯಬಾರದು ಎಂಬ ಆದೇಶ ಹೊರಡಿಸಿ.

– ಒಬ್ಬ ಆಶಾ ಕಾರ್ಯಕರ್ತೆ, ತುಮಕೂರು ಜಿಲ್ಲೆ