ಮಕ್ಕಳನ್ನು ಕಳಿಸುವ ಮುಂಚೆ ಬ್ರಿಟನ್ ಪರಿಚಯವಾಗಲಿ

ಮಾನ್ಯ ಸಂಪಾದಕರೇ,

ಬ್ರಿಟನ್ನಿಗೆ ಓದಲು ಹೋಗುವವರಿಗಾಗಿ ನಿಮ್ಮ ಶಿಕ್ಷಣ ಪುಟದಲ್ಲಿ ಬರುವ ಮಾಹಿತಿಯನ್ನು ನಾನು ತಪ್ಪದೆ ಓದುತ್ತೇನೆ. ವೀಸಾ, ಫೀಸು, ಬ್ಯಾಂಕ್ ಸಾಲ, ಇಂಗ್ಲಿಷ್ ಪರೀಕ್ಷೆ ಎಲ್ಲ ಇರುತ್ತದೆ. ಆ ದೇಶ ಹೇಗಿದೆ ಅನ್ನುವುದು ಮಾತ್ರ ಇರುವುದಿಲ್ಲ. ನಾನು ಸಕಲೇಶಪುರದಲ್ಲಿ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಈಗ ನಮ್ಮ ಕಡೆಯಿಂದ ಅಲ್ಲಿಗೆ ಹೋಗುವ ಮಕ್ಕಳು ಜಾಸ್ತಿಯಾಗಿದ್ದಾರೆ. ತೋಟದ ಮೇಲೆ ಸಾಲ ಎತ್ತಿ ಕಳಿಸುವವರೂ ಇದ್ದಾರೆ. ಅಷ್ಟು ದುಡ್ಡು ಹಾಕುವ ಅಪ್ಪ-ಅಮ್ಮಂದಿರಿಗೆ ಆ ನಾಡಿನ ಪರಿಚಯವೇ ಇಲ್ಲವಲ್ಲ ಅನ್ನುವುದು ನನ್ನ ಸಂಕಟ.

ನಮ್ಮ ಬೀದಿಯ ಹುಡುಗನೊಬ್ಬನಿಗೆ ಡಂಡಿಯಲ್ಲಿ ಸೀಟು ಸಿಕ್ಕಿದೆ. "ನಮ್ಮ ಭಾವನ ಮಗ ಲಂಡನ್ನಲ್ಲೇ ಇದ್ದಾನೆ ಟೀಚರ್. ಭಾನುವಾರ ಅಲ್ಲಿಗೆ ಊಟಕ್ಕೆ ಹೋಗಿ ಬರ್ತಾನೆ, ಯೋಚನೆ ಇಲ್ಲ" ಅಂದರು ಅವನ ತಾಯಿ. ಡಂಡಿ ಇರುವುದು ಸ್ಕಾಟ್ಲೆಂಡಿನಲ್ಲಿ. ಲಂಡನ್ನಿನಿಂದ ರೈಲಿನಲ್ಲೇ ಸುಮಾರು ಆರು ಗಂಟೆ ದಾರಿ. ಆ ತಾಯಿಯನ್ನು ದೂರುವಂತಿಲ್ಲ. ನಮ್ಮ ಶಾಲೆ ಪುಸ್ತಕಗಳಲ್ಲಿ ಬ್ರಿಟಿಷರು 1947ಕ್ಕೆ ಹೊರಟುಹೋಗುತ್ತಾರೆ. ಆಮೇಲೆ ಅವರ ದೇಶ ಏನಾಯಿತು ಅಂತ ಪಾಠವೇ ಇಲ್ಲ.

ನಮ್ಮ ಊರಿನ ಪಕ್ಕ ಇಟ್ಟು ನೋಡಿದರೆ ಆ ದೇಶ ಬೇಗ ಅರ್ಥವಾಗುತ್ತದೆ. ಕರ್ನಾಟಕದ ವಿಸ್ತೀರ್ಣ ಸುಮಾರು 1.92 ಲಕ್ಷ ಚದರ ಕಿಲೋಮೀಟರ್. ಬ್ರಿಟನ್ನಿನದು ಸುಮಾರು 2.44 ಲಕ್ಷ. ಜನ ಏಳು ಕೋಟಿಯ ಆಸುಪಾಸು, ಹೆಚ್ಚುಕಡಿಮೆ ನಮ್ಮ ರಾಜ್ಯದಷ್ಟೇ. ಅಲ್ಲಿನ ಅತಿ ಎತ್ತರದ ಬೆಟ್ಟ ಬೆನ್ ನೆವಿಸ್ 1,345 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್. ಯಾವಾಗಲೂ ಮಳೆ ಅಂತ ಕೇಳಿದ್ದೇವೆ ಅಲ್ವಾ? ಲಂಡನ್ನಿನಲ್ಲಿ ಇಡೀ ವರ್ಷಕ್ಕೆ ಬೀಳುವುದು 600 ಮಿಲಿಮೀಟರ್ ಆಸುಪಾಸು. ಘಟ್ಟದಂಚಿನ ನಮ್ಮ ತೋಟಗಳಲ್ಲಿ ಜುಲೈ ಒಂದೇ ತಿಂಗಳಲ್ಲಿ ಅಷ್ಟು ಸುರಿಯುತ್ತದೆ. ಮಕ್ಕಳಿಗೆ ಕಷ್ಟವಾಗುವುದು ಮಳೆಯಲ್ಲ, ಕತ್ತಲು. ಡಿಸೆಂಬರಿನಲ್ಲಿ ಡಂಡಿಯಂಥ ಊರಲ್ಲಿ ಬೆಳಿಗ್ಗೆ ಎಂಟೂವರೆ ದಾಟಿದ ಮೇಲೆ ಸೂರ್ಯ ಹುಟ್ಟಿದರೆ ಮಧ್ಯಾಹ್ನ ಮೂರೂವರೆ ಹೊತ್ತಿಗೆ ಮುಳುಗುತ್ತಾನೆ. ಜೂನಿನಲ್ಲಿ ರಾತ್ರಿ ಹತ್ತಾದರೂ ಬೆಳಕು. ಸ್ವೆಟರ್ ಕಟ್ಟಿಕೊಡುವ ತಾಯಂದಿರು ಇದನ್ನೂ ಹೇಳಿ ಕಳಿಸಬೇಕು.

ಇನ್ನು ಮುಖ್ಯ ವಿಷಯ. ಅದು ನಾಲ್ಕು ನಾಡುಗಳು ಕೂಡಿದ ದೇಶ: ಇಂಗ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್. ಸ್ಕಾಟ್ಲೆಂಡ್ ಇಂಗ್ಲೆಂಡಿನ ಜೊತೆ ಸೇರಿ ಒಂದೇ ಪಾರ್ಲಿಮೆಂಟ್ ಆದದ್ದು 1707ರಲ್ಲಿ. ಈಗ ಅವರಿಗೆ ಎಡಿನ್‌ಬರೋದಲ್ಲಿ ಮತ್ತೆ ತಮ್ಮದೇ ಪಾರ್ಲಿಮೆಂಟ್ ಇದೆ. ಕೋರ್ಟು ಕಾನೂನುಗಳೂ ಬೇರೆ. ಬೇರೆ ದೇಶವಾಗಬೇಕೇ ಅಂತ 2014ರಲ್ಲಿ ಜನರನ್ನೇ ಕೇಳಿದರು. ನೂರಕ್ಕೆ 55 ಮಂದಿ ಬೇಡ ಅಂದರು. 2016ರಲ್ಲಿ ಯುರೋಪಿಯನ್ ಒಕ್ಕೂಟ ಬಿಡುವ ಪ್ರಶ್ನೆ ಬಂದಾಗ ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ ಉಳಿಯೋಣ ಅಂದವು. ಇಂಗ್ಲೆಂಡ್, ವೇಲ್ಸ್ ಬಿಡೋಣ ಅಂದವು. ಈ ಎಳೆದಾಟ ಗೊತ್ತಿದ್ದರೆ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಓದುವ ಹುಡುಗ ಅಲ್ಲಿನವರನ್ನು "ನೀವು ಇಂಗ್ಲಿಷರು" ಅನ್ನುವುದಿಲ್ಲ. ನಮ್ಮ ಸಕಲೇಶಪುರ ಸೀಮೆಯಲ್ಲಿ ಕಾಫಿ ತೋಟ ಮಾಡಿದ ರಾಬರ್ಟ್ ಎಲಿಯಟ್ ಕೂಡ ಸ್ಕಾಟ್ಲೆಂಡಿನವರೇ. ಅವರಂಥವರನ್ನೆಲ್ಲ ನಾವು ಒಟ್ಟಿಗೆ ಇಂಗ್ಲಿಷರು ಅಂತಲೇ ಕರೆದುಕೊಂಡು ಬಂದಿದ್ದೇವೆ.

ವೇಲ್ಸ್ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯುತ್ತೇನೆ, ಕನ್ನಡದವರು ತಿಳಿಯಬೇಕಾದ ಕಥೆ ಅಲ್ಲಿದೆ. ವೇಲ್ಸ್‌ನ ಭಾಷೆ ವೆಲ್ಷ್, ಇಂಗ್ಲಿಷಿಗಿಂತ ಪೂರ್ತಿ ಬೇರೆ. ಹತ್ತೊಂಬತ್ತನೇ ಶತಮಾನದಲ್ಲಿ ಅಲ್ಲಿನ ಅನೇಕ ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಮರದ ತುಂಡು ನೇತುಹಾಕುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಮಾತಾಡಿದರೆ ಅದು ಆ ಮಗುವಿನ ಕೊರಳಿಗೆ. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಏಟು. ಅಷ್ಟಾದರೂ ಜನ ಭಾಷೆ ಬಿಡಲಿಲ್ಲ. ವೆಲ್ಷ್ ಟಿವಿ ಚಾನೆಲ್ ಕೊಡುತ್ತೇವೆ ಅಂದ ಸರ್ಕಾರ ಮಾತು ತಪ್ಪಿದಾಗ, 1980ರಲ್ಲಿ ಗ್ವಿನ್‌ಫರ್ ಇವಾನ್ಸ್ ಎಂಬ ನಾಯಕರು ಆಮರಣ ಉಪವಾಸ ಕೂರುತ್ತೇನೆ ಎಂದರು. ಸರ್ಕಾರ ಬಗ್ಗಿತು. 1982ರಲ್ಲಿ ಚಾನೆಲ್ ಶುರುವಾಯಿತು. ಇವತ್ತು ಅಲ್ಲಿ ರಸ್ತೆ ಬೋರ್ಡುಗಳು ಎರಡೂ ಭಾಷೆಯಲ್ಲಿವೆ, ಸರ್ಕಾರಿ ಶಾಲೆಯ ಮಕ್ಕಳು 16 ವರ್ಷದವರೆಗೆ ವೆಲ್ಷ್ ಕಲಿಯಲೇಬೇಕು. 2021ರ ಜನಗಣತಿಯಲ್ಲಿ ವೆಲ್ಷ್ ಬರುತ್ತದೆ ಅಂದವರು ಸುಮಾರು 5.38 ಲಕ್ಷ. ನಮ್ಮ ಹಾಸನ ಜಿಲ್ಲೆಯ ಜನರಲ್ಲಿ ಮೂರನೇ ಒಂದು ಪಾಲೂ ಆಗುವುದಿಲ್ಲ! ಇಂಗ್ಲಿಷ್ ಹುಟ್ಟಿದ ನಾಡಿನ ಪಕ್ಕದಲ್ಲೇ ಕೂತು ಅವರು ತಮ್ಮ ನುಡಿ ಉಳಿಸಿಕೊಂಡಿದ್ದಾರೆ. ಇಲ್ಲಿ ಕನ್ನಡ ಮಾತಾಡಿದ ಮಕ್ಕಳಿಗೆ ದಂಡ ಹಾಕುವ ಶಾಲೆಗಳ ಸುದ್ದಿ ಓದಿದಾಗಲೆಲ್ಲ ನನಗೆ ಆ ಮರದ ತುಂಡು ನೆನಪಾಗಿ ಹೊಟ್ಟೆ ಉರಿಯುತ್ತದೆ.

ಅದೇ ವೇಲ್ಸ್‌ನ ಗಣಿಯೂರು ಟ್ರೆಡಿಗರ್‌ನಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಕಲ್ಲಿದ್ದಲು ಗಣಿಗಿಳಿದ ಅನೈರಿನ್ ಬೆವನ್ ಮುಂದೆ ಆರೋಗ್ಯ ಮಂತ್ರಿಯಾದರು. 1948ರ ಜುಲೈ 5ರಂದು ಇಡೀ ದೇಶಕ್ಕೆ ಉಚಿತ ಚಿಕಿತ್ಸೆಯ ವ್ಯವಸ್ಥೆ ತಂದರು. ಎರಡನೇ ಮಹಾಯುದ್ಧ ಮುಗಿದು ಮೂರೇ ವರ್ಷ, ಇನ್ನೂ ರೇಷನ್ ನಡೆಯುತ್ತಿದ್ದ ಕಾಲ ಅದು. ಬ್ರಿಟಿಷರು ಮಾಡಿದ ಕೆಲಸಗಳಲ್ಲಿ ನಾನು ಮನಸಾರೆ ಮೆಚ್ಚುವುದು ಇದನ್ನು. ಓದಲು ಹೋಗುವವರಿಂದ ವೀಸಾ ಅರ್ಜಿಯ ಜೊತೆಗೇ ಆರೋಗ್ಯದ ಶುಲ್ಕ ಕಟ್ಟಿಸಿಕೊಳ್ಳುತ್ತಾರೆ. ಹಾಗಾಗಿ ಅಲ್ಲಿಗೆ ಹೋದ ಕೂಡಲೇ ಹತ್ತಿರದ ಡಾಕ್ಟರ ಬಳಿ ಹೆಸರು ಬರೆಸಬೇಕು. ಇಂಗ್ಲೆಂಡಿನಲ್ಲಿ ಡಾಕ್ಟರ್ ಬರೆದುಕೊಟ್ಟ ಔಷಧಿಗೆ ದುಡ್ಡು ಕೊಡಬೇಕಾಗುತ್ತದೆ, ಉಳಿದ ಮೂರು ನಾಡುಗಳಲ್ಲಿ ಬೇಡ.

ಇನ್ನೊಂದು ಸಂಗತಿ ಇಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಹೆಚ್ಚಾಗಿ ಬ್ರಿಟಿಷರು ಆಳಿದ ದೇಶಗಳೇ ಇರುವ ಕಾಮನ್‌ವೆಲ್ತ್ ಕೂಟದವರಾದ್ದರಿಂದ, 18 ತುಂಬಿದ ನಮ್ಮ ಮಕ್ಕಳು ಅಲ್ಲಿ ವಾಸವಿರುವಾಗ ಹೆಸರು ನೋಂದಾಯಿಸಿಕೊಂಡು ಅಲ್ಲಿನ ಪಾರ್ಲಿಮೆಂಟ್ ಚುನಾವಣೆಯಲ್ಲಿ ವೋಟು ಹಾಕಬಹುದು. ಒಂದು ಕಾಲಕ್ಕೆ ನಮ್ಮನ್ನು ಆಳಿದ ಪಾರ್ಲಿಮೆಂಟ್ ಅದು. ಹೋಗುವವರು ಈ ಹಕ್ಕನ್ನು ಸುಮ್ನೆ ಬಿಡಬಾರದು.

ನನ್ನ ಕೋರಿಕೆ ಇಷ್ಟು. ನಿಮ್ಮ ಶಿಕ್ಷಣ ಪುಟದಲ್ಲಿ ಕೆಲವು ವಾರ ಬ್ರಿಟನ್ ಪರಿಚಯದ ಅಂಕಣ ಕೊಡಿ. ನಾಲ್ಕೂ ನಾಡುಗಳ ದೊಡ್ಡ ನಕ್ಷೆ ಹಾಕಿ, ಯೂನಿವರ್ಸಿಟಿ ಇರುವ ಊರುಗಳನ್ನು ಗುರುತಿಸಿ. ಕಾರ್ಡಿಫ್, ಬೆಲ್‌ಫಾಸ್ಟ್, ಗ್ಲಾಸ್ಗೋಗಳಲ್ಲಿ ನೆಲೆಸಿರುವ ಹಾಸನ, ಚಿಕ್ಕಮಗಳೂರಿನವರಿಂದಲೇ ಬರೆಸಿ. ಬಾಡಿಗೆ ಮನೆ, ಚಳಿಗಾಲ, ಕಾಲೇಜು ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ ಅನ್ನುವ ನಿಯಮ, ಇವೆಲ್ಲ ಅವರ ಅನುಭವದಲ್ಲಿ ಬರಲಿ. ಅಲ್ಲಿ ತರಗತಿಗಳು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ ಶುರುವಾಗುತ್ತವೆ. ಜೂನ್ ಒಳಗೆ ಅಂಕಣ ಬಂದರೆ ಈ ವರ್ಷ ಹೊರಟವರ ಕೈಗೂ ಸಿಗುತ್ತದೆ.

– ನಿವೃತ್ತ ಶಿಕ್ಷಕಿ, ಸಕಲೇಶಪುರ, ಹಾಸನ ಜಿಲ್ಲೆ