ಪ್ರಮಾಣ ಕೇಳುವ ಮೊದಲು

ಚಿರಂಜೀವಿ ಸುಹಾಸನಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮನೋವೈದ್ಯ ವಿಭಾಗಕ್ಕೆ ಸೇರಿದ ಮೇಲೆ ಬಿಂಜ್ ಈಟಿಂಗ್‌ಗೂ ಬರಿಯ ಹೊಟ್ಟೆಬಾಕತನಕ್ಕೂ ನಡುವಿನ ಗೆರೆ ಸಿಗುತ್ತಿಲ್ಲವೆಂದು ಬರೆದಿದ್ದೀಯೆ. ಅಮೆರಿಕದ ಮನೋವೈದ್ಯರ ಸಂಘದ ರೋಗನಿರ್ಣಯ ಕೈಪಿಡಿಯಾದ ಡಿಎಸ್‌ಎಂ-5ರ ಪ್ರಕಾರ, ಸುಮಾರು 2 ಗಂಟೆಯೊಳಗಿನ ಅವಧಿಯಲ್ಲಿ, ಅಂಥದೇ ಸಂದರ್ಭದಲ್ಲಿ ಬಹುತೇಕರು ತಿನ್ನುವುದಕ್ಕಿಂತ ನಿಶ್ಚಿತವಾಗಿ ಹೆಚ್ಚು ತಿಂದಿರಬೇಕು; ಜೊತೆಗೆ, ತಿನ್ನುವುದು ತನ್ನ ಹಿಡಿತ ಮೀರಿದೆ ಎಂಬ ಅನುಭವವೂ ಇರಬೇಕು. ಔತಣದಲ್ಲಿ ಎಲ್ಲರೊಡನೆ ಅತಿಯಾಗಿ ಉಂಡವನು ಈ ವ್ಯಾಖ್ಯೆಗೆ ಸೇರುವುದಿಲ್ಲ.

ಇಂಥ ಒಂದು ಪ್ರಸಂಗ ನಡೆದ ಮಾತ್ರಕ್ಕೆ ಅದು ಕಾಯಿಲೆಯಾಗದು. ಸರಾಸರಿ ವಾರಕ್ಕೊಮ್ಮೆಯಂತೆ 3 ತಿಂಗಳು ನಡೆದಿರಬೇಕು, ಅದರಿಂದ ತೀವ್ರ ಯಾತನೆಯಾಗುತ್ತಿರಬೇಕು. ತಿಂದ ಮೇಲೆ ವಾಂತಿ ಮಾಡಿಕೊಳ್ಳುವ, ಭೇದಿ ಮಾಡಿಸುವ ಔಷಧಿ ನುಂಗುವ ಪರಿಪಾಠವಿದ್ದರೆ ಬುಲಿಮಿಯಾ ಎಂಬ ಇನ್ನೊಂದು ಆಹಾರಸಂಬಂಧಿ ಮನೋರೋಗದ ಕಡೆಗೆ ಯೋಚಿಸು. ದೇಹದ ತೂಕ ಈ ಲಕ್ಷಣಗಳಲ್ಲಿ ಎಲ್ಲಿಯೂ ಇಲ್ಲ. ದಪ್ಪಗಿರುವವರಿಗಷ್ಟೇ ಇದು ಬರುತ್ತದೆಂಬ ನಂಬಿಕೆಯಿಂದ ನಾವು ಎಷ್ಟು ಜನರನ್ನು ಗುರುತಿಸದೆ ಕಳುಹಿಸಿರುವೆವೋ!

ನನ್ನ ಮುಜುಗರದ ನೆನಪೊಂದನ್ನು ಹೇಳಿಬಿಡುತ್ತೇನೆ. ವೃತ್ತಿಯ ಆರಂಭದಲ್ಲಿ ಒಬ್ಬಾಕೆಯನ್ನು ಎಷ್ಟು ತಿಂದಿರಿ ಎಂದು ಮೊದಲೇ ಕೇಳಿದೆ; ಆಕೆ ಹೇಳಿದ ಪ್ರಮಾಣ ಹೆಚ್ಚೇನೂ ಇರಲಿಲ್ಲವಾದ್ದರಿಂದ ಪ್ರಕರಣ ಮುಗಿಯಿತೆಂದುಕೊಂಡೆ. ಹಿಡಿತ ತಪ್ಪಿದ ದಿಗಿಲನ್ನು ಆಕೆ ಹೇಳಲೇ ಇಲ್ಲ, ನಾನು ಕೇಳಿರಲೂ ಇಲ್ಲ. ಹೊರಗಿನವರ ಕಣ್ಣಿಗೆ ಸಾಧಾರಣವೆನಿಸುವ ಇಂಥ ಪ್ರಸಂಗಗಳನ್ನು ವ್ಯಕ್ತಿನಿಷ್ಠ ಬಿಂಜ್ ಎನ್ನುತ್ತಾರೆ. ಡಿಎಸ್‌ಎಂ-5 ಇವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೂ, 2022ರಲ್ಲಿ ಜಾರಿಗೆ ಬಂದ, ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣವಾದ ಐಸಿಡಿ-11 ಒಪ್ಪುತ್ತದೆ: ಪ್ರಮಾಣ ದೊಡ್ಡದಿರಲೇಬೇಕೆಂದಿಲ್ಲ, ತನ್ನ ರೂಢಿಗಿಂತ ಹೆಚ್ಚೋ ಭಿನ್ನವೋ ಆಗಿ, ತಡೆಯಲಾಗದೆ ತಿಂದರೆ ಸಾಕು. ನನ್ನ ಒಲವು ಈ ಎರಡನೆಯದರ ಕಡೆಗೆ. ಆದರೆ ಕಡತದಲ್ಲಿ ಯಾವ ವ್ಯಾಖ್ಯೆ ಬಳಸಿದೆಯೆಂದು ತಪ್ಪದೆ ಬರೆ.

ಆದ್ದರಿಂದ "ನಡುವೆ ಯಾರಾದರೂ ಬಂದಿದ್ದರೆ ನಿಲ್ಲಿಸಬಹುದಿತ್ತೇ?", "ಹಸಿವಿತ್ತೇ?", "ಒಬ್ಬರೇ ಇದ್ದಿರಾ?" ಎಂದು ಮೆಲ್ಲಗೆ ವಿಚಾರಿಸು. ಯಾರೋ ಬಂದಾಗ ನಿಲ್ಲಿಸಿದೆನೆಂದರೂ ಹಿಡಿತವಿತ್ತೆಂದು ತೀರ್ಮಾನಿಸಬೇಡ, ಏಕೆಂದರೆ ನಾಚಿಕೆ ತಾತ್ಕಾಲಿಕವಾಗಿ ಕೈ ತಡೆದಿರಬಹುದು. ಗಬಗಬನೆ ತಿನ್ನುವುದು, ಹೊಟ್ಟೆ ಬಿರಿಯುವವರೆಗೂ ತಿನ್ನುವುದು, ಆಮೇಲೆ ತನ್ನ ಮೇಲೇ ಹೇಸಿಗೆಪಡುವುದು ಇವೆಲ್ಲ ಹೀಗೆ ಮಾತಿಗೆಳೆದಾಗಲೇ ಹೊರಬರುತ್ತವೆ.

ಕಡೆಯದಾಗಿ, ತೂಕ ನೋಡಿದ ಕೂಡಲೇ ಊಟ ಬಿಡಿಸುವ ಸಲಹೆ ಕೊಡಬೇಡ. ದಿನವಿಡೀ ಹಸಿದಿದ್ದು ಸಂಜೆಗೆ ಹಿಡಿತ ತಪ್ಪುವವರು ಹಲವರು. ಅಂಥವರ ಚಿಕಿತ್ಸೆ ಹೊತ್ತುಹೊತ್ತಿಗೆ ಸರಿಯಾಗಿ ಉಣ್ಣಿಸುವುದರಿಂದಲೇ ಆರಂಭವಾಗುತ್ತದೆ.

ಇಂತು,
ನಿನ್ನ ದೊಡ್ಡಪ್ಪ